ಕೊರೆಯುವ ಗಾಳಿಯಲ್ಲಿ ಬಿಸಿ ಹುಡುಕುವ ಯಂತ್ರ

ಮದುವೆ ಮನೆಯ ಹಿತ್ತಲಲ್ಲಿ ಅಡುಗೆ ನಡೆಯುವಾಗ ಗಮನಿಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ದೊಡ್ಡ ಒಲೆಯ ಮೇಲೆ ಸಾರಿನ ಕೊಳದಪ್ಪಲೆ ಕೊತಕೊತ ಕುದಿಯುತ್ತಿರುತ್ತದೆ. ಆದರೆ ಆ ಒಲೆಗೆ ಅನಿಲ ಒದಗಿಸುತ್ತಿರುವ ಸಿಲಿಂಡರಿನ ಕೆಳಭಾಗ ಬೆವರಿ ತಣ್ಣಗಾಗಿರುತ್ತದೆ. ಒಲೆ ಬಹಳ ಹೊತ್ತು ಜೋರಾಗಿ ಉರಿದರೆ ಸಿಲಿಂಡರಿನ ಮೇಲೆ ಬಿಳಿಯ ಹಿಮದ ಪದರವೇ ಕಟ್ಟುವುದುಂಟು. ಬೆಂಕಿಗೆ ಜೀವ ಕೊಡುವ ವಸ್ತುವೇ ಮಂಜುಗಡ್ಡೆಯಾಗುವ ಈ ವಿಚಿತ್ರಕ್ಕೆ ಕಾರಣ ಸರಳ. ಸಿಲಿಂಡರಿನೊಳಗೆ ಇರುವುದು ಒತ್ತಡದಿಂದ ದ್ರವವಾಗಿರುವ ಪ್ರೊಪೇನ್ ಮತ್ತು ಬ್ಯೂಟೇನ್. ಒಲೆಗೆ ಹೋಗಬೇಕಾದರೆ ಈ ದ್ರವ ಮೊದಲು ಆವಿಯಾಗಬೇಕು. ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಸಿಲಿಂಡರಿನ ಕಬ್ಬಿಣದಿಂದ, ಸುತ್ತಲಿನ ಗಾಳಿಯಿಂದ ಹೀರಿಕೊಳ್ಳುತ್ತದೆ.

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಪ್ರೊಪೇನ್ ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ಅಂದರೆ ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಹಿಮಗಾಳಿ, ಅದರಲ್ಲಿ ನಿಂತ ಮನುಷ್ಯನಿಗೆ ಕೊರೆಯುವ ಚಳಿಯಾದರೂ, ಪ್ರೊಪೇನಿನ ಪಾಲಿಗೆ ಅದು ಒಲೆಯೇ. ಆ ಗಾಳಿಯಲ್ಲಿ ಅದು ಸಲೀಸಾಗಿ ಕುದಿದು ಆವಿಯಾಗುತ್ತದೆ.

ಇದೇ ಪ್ರೊಪೇನ್ ಈಗ ಯುರೋಪಿನ ಎಷ್ಟೋ ಮನೆಗಳನ್ನು ಉರಿಯದೆಯೇ ಬೆಚ್ಚಗಿಡುತ್ತಿದೆ. ಓದಿಗೆಂದು ಜರ್ಮನಿಗೋ ಸ್ವೀಡನ್ನಿಗೋ ಹೋದ ನಮ್ಮ ಕಡೆಯ ಮಕ್ಕಳು ಮೊದಲ ಚಳಿಗಾಲದಲ್ಲಿ ಮನೆಗೆ ಫೋನ್ ಮಾಡಿ, 'ಅಮ್ಮಾ, ಇಲ್ಲಿ ನೆಲವೇ ಬೆಚ್ಚಗಿದೆ, ಬರಿಗಾಲಲ್ಲಿ ಓಡಾಡಬಹುದು, ಹೀಟರ್ ಮಾತ್ರ ಎಲ್ಲೂ ಕಾಣಿಸುವುದಿಲ್ಲ' ಎಂದರೆ ಅಚ್ಚರಿಯಿಲ್ಲ. ನೆಲದೊಳಗೆ ಬೆಚ್ಚನೆಯ ನೀರಿನ ಕೊಳವೆಗಳಿರುತ್ತವೆ. ಇತ್ತೀಚೆಗೆ ಕಟ್ಟಿದ ಮನೆಯಾದರೆ ಅಂಗಳದಲ್ಲಿ ಫ್ಯಾನು ತಿರುಗುವ ಒಂದು ಪೆಟ್ಟಿಗೆಯೂ ಇರುತ್ತದೆ. ಆ ಪೆಟ್ಟಿಗೆಯ ಹೆಸರು ಹೀಟ್ ಪಂಪ್. ಅದು ಒಂದು ಯೂನಿಟ್ ವಿದ್ಯುತ್ ಪಡೆದು ಮನೆಯೊಳಕ್ಕೆ ಮೂರು, ನಾಲ್ಕು ಯೂನಿಟ್ ಶಾಖ ಕೊಡುತ್ತದೆ.

ಇಲ್ಲಿ ಹತ್ತನೆಯ ತರಗತಿಯ ಜಾಣ ಹುಡುಗಿ ಎದ್ದು ನಿಂತು ಕೇಳುತ್ತಾಳೆ: 'ಸಾರ್, ಶಕ್ತಿಯನ್ನು ಸೃಷ್ಟಿಸಲಾಗುವುದಿಲ್ಲ ಅಂತ ನೀವೇ ಪಾಠ ಮಾಡಿದ್ದಿರಿ. ಒಂದು ಕೊಟ್ಟರೆ ನಾಲ್ಕು ಹೇಗೆ ಬರುತ್ತದೆ?' ಪ್ರಶ್ನೆ ಬಹಳ ಸರಿಯಾಗಿದೆ. ಸ್ನಾನದ ನೀರಿಗೆ ಹಾಕುವ ಕಾಯಿಲ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನಷ್ಟೇ ಕೊಡುತ್ತದೆ. ಎಂಥ ದುಬಾರಿ ಕಾಯಿಲ್ ತಂದರೂ ಅದಕ್ಕಿಂತ ಒಂದು ಚೂರೂ ಹೆಚ್ಚು ಕೊಡದು. ಹೀಟ್ ಪಂಪ್ ಹೆಚ್ಚು ಕೊಡುವುದು ಅದು ಶಾಖವನ್ನು ತಯಾರಿಸುವುದಿಲ್ಲವಾದ್ದರಿಂದ. ಅದು ಹೊರಗೆ ಇರುವ ಶಾಖವನ್ನು ಒಳಗೆ ಸಾಗಿಸುತ್ತದೆ, ಅಷ್ಟೇ. ವಿದ್ಯುತ್ತು ಖರ್ಚಾಗುವುದು ಸಾಗಣೆಯ ಕೂಲಿಗೆ. ನಾಲ್ಕು ಯೂನಿಟ್ ಶಾಖದಲ್ಲಿ ಮೂರು ಹೊರಗಿನ ಗಾಳಿಯಿಂದ ಬಂದದ್ದು, ಒಂದು ವಿದ್ಯುತ್ತಿನಿಂದ ಬಂದದ್ದು. ಲೆಕ್ಕದಲ್ಲಿ ಎಲ್ಲೂ ಮೋಸವಿಲ್ಲ.

ಹೊರಗಿನ ಹಿಮಗಾಳಿಯಲ್ಲಿ ಶಾಖ ಎಲ್ಲಿಂದ ಬರಬೇಕು ಎಂಬ ಸಂದೇಹವೂ ಸಹಜವೇ. ಸೊನ್ನೆ ಡಿಗ್ರಿ ಎಂದರೆ ಶಾಖ ಇಲ್ಲ ಎಂದಲ್ಲ. ಅದು ನೀರು ಹೆಪ್ಪುಗಟ್ಟುವ ಗುರುತು ಮಾತ್ರ. ನಿಜವಾದ ಸೊನ್ನೆ ಇರುವುದು ಅದಕ್ಕಿಂತ 273 ಡಿಗ್ರಿ ಕೆಳಗೆ. ಆ ಮಟ್ಟದಿಂದ ಎಣಿಸಿದರೆ ಮೈನಸ್ 15 ಡಿಗ್ರಿಯ ಗಾಳಿಯೂ 258 ಡಿಗ್ರಿಯಷ್ಟು 'ಬಿಸಿ'ಯಾಗಿಯೇ ಇದೆ.

ಈಗ ಯಂತ್ರದ ಒಳಗಿನ ಕೆಲಸ ನೋಡೋಣ. ಹೊರಗಿನ ಪೆಟ್ಟಿಗೆಯ ಕೊಳವೆಗಳಲ್ಲಿ ಕಡಿಮೆ ಒತ್ತಡದಲ್ಲಿರುವ ಪ್ರೊಪೇನ್, ಅಥವಾ ಅಂಥದೇ ಬೇರೊಂದು ಶೀತಕ ದ್ರವ, ಗಾಳಿಯ ಶಾಖ ಹೀರಿ ಆವಿಯಾಗುತ್ತದೆ. ಈ ಆವಿಯನ್ನು ಕಂಪ್ರೆಸರ್ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಅನಿಲವನ್ನು ಒತ್ತಿದರೆ ಅದರ ಉಷ್ಣತೆ ಏರುತ್ತದೆ. ಹಾಗೆ ಬಿಸಿಯಾದ ಆವಿ ಇನ್ನೊಂದು ಕೊಳವೆಯಲ್ಲಿ ಹರಿದು, ಮನೆಯ ನೀರಿಗೆ ತನ್ನ ಶಾಖವನ್ನು ಒಪ್ಪಿಸಿ, ಮತ್ತೆ ದ್ರವವಾಗುತ್ತದೆ. ಹೆಚ್ಚಿನ ಒತ್ತಡದಲ್ಲಿ ದ್ರವದ ಕುದಿಬಿಂದು ಮೇಲಕ್ಕೇರುತ್ತದೆ ಎಂಬುದಕ್ಕೆ ಪ್ರೆಷರ್ ಕುಕ್ಕರೇ ಸಾಕ್ಷಿ. ಅದೇ ಕಾರಣಕ್ಕೆ ಹೊರಗೆ ಹಿಮದಲ್ಲಿ ಕುದಿದ ಪ್ರೊಪೇನ್ ಒಳಗೆ 40 ಡಿಗ್ರಿಯಲ್ಲಿ ದ್ರವವಾಗಬಲ್ಲದು. ಆಮೇಲೆ ಒಂದು ಕಿರಿದಾದ ಕವಾಟದಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ ಮತ್ತೆ ಹೊರಗೆ ಹೋಗುತ್ತದೆ. ಸಿಲಿಂಡರಿನ ಅನಿಲದಂತೆ ಅದು ಉರಿದು ಮುಗಿಯುವುದಿಲ್ಲ. ಅದೇ ಒಂದಷ್ಟು ದ್ರವ ವರ್ಷಗಟ್ಟಲೆ ಸುತ್ತುತ್ತಿರುತ್ತದೆ.

ಅಡುಗೆಮನೆಯ ಫ್ರಿಜ್ಜಿನಲ್ಲಿ ನಡೆಯುವುದೂ ಇದೇ. ಅದು ತರಕಾರಿಯ ಶಾಖವನ್ನು ಹೊರತೆಗೆದು ಅಡುಗೆಮನೆಗೆ ಚೆಲ್ಲುತ್ತದೆ. ಹಿಂಬದಿಯ ಕಪ್ಪು ಜಾಲರಿಯನ್ನೋ, ಹೊಸ ಮಾದರಿಯಾದರೆ ಪಕ್ಕದ ತಗಡನ್ನೋ ಮುಟ್ಟಿ ನೋಡಿದರೆ ಆ ಶಾಖ ಕೈಗೆ ಹತ್ತುತ್ತದೆ. ಹೊರಗಿನ ಪ್ರಪಂಚವನ್ನೇ ಫ್ರಿಜ್ಜಿನ ಒಳಭಾಗವೆಂದು ಭಾವಿಸಿ, ಮನುಷ್ಯರು ಫ್ರಿಜ್ಜಿನ ಬೆನ್ನಿಗೆ ಮನೆ ಮಾಡಿಕೊಂಡರೆ ಅದೇ ಹೀಟ್ ಪಂಪ್.

ಇಲ್ಲಿಯವರೆಗಿನದು ಸುಲಭದ ಭಾಗ. ಈ ಯಂತ್ರವನ್ನು ಕೊಂಡವರಲ್ಲಿ ಕೆಲವರು ಖುಷಿಯಾಗಿರುತ್ತಾರೆ, ಕೆಲವರು ವಿದ್ಯುತ್ ಬಿಲ್ಲು ನೋಡಿ ತಲೆಗೆ ಕೈಹೊತ್ತು ಕೂರುತ್ತಾರೆ. ಯಂತ್ರ ಒಂದೇ, ಬಿಲ್ಲು ಮಾತ್ರ ಬೇರೆ ಬೇರೆ. ಇದು ಏಕೆ ಹೀಗೆ ಎಂಬುದು ತಿಳಿಯಬೇಕಾದರೆ ಬಾವಿಯ ಹತ್ತಿರ ಹೋಗಬೇಕು.

ಹತ್ತು ಅಡಿ ಆಳದ ಬಾವಿಯಿಂದ ಒಂದು ಕೊಡ ನೀರು ಸೇದುವುದಕ್ಕೂ ನಲವತ್ತು ಅಡಿ ಆಳದಿಂದ ಸೇದುವುದಕ್ಕೂ ವ್ಯತ್ಯಾಸವಿದೆ. ಎರಡೂ ಕಡೆ ಸಿಗುವುದು ಅದೇ ಒಂದು ಕೊಡ ನೀರು. ಆದರೆ ಸೇದುವವರ ರಟ್ಟೆಗೆ ಆಗುವ ಶ್ರಮ ನಾಲ್ಕು ಪಟ್ಟು. ಶಾಖವನ್ನು ಎತ್ತುವುದೂ ಇದೇ ರೀತಿಯ ಕೆಲಸ. ಹೊರಗಿನ ಉಷ್ಣತೆ ಬಾವಿಯ ನೀರಿನ ಮಟ್ಟ ಇದ್ದಂತೆ. ಮನೆಯೊಳಗೆ ಹರಿಯುವ ನೀರಿನ ಉಷ್ಣತೆ ಬಾವಿಯ ಕಟ್ಟೆ ಇದ್ದಂತೆ. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಕೂಲಿ ಹೆಚ್ಚು.

ಈ ಮಾತಿಗೆ ಲೆಕ್ಕದ ರೂಪ ಕೊಟ್ಟವನು ಫ್ರಾನ್ಸಿನ ಸಾದಿ ಕಾರ್ನೋ. 1824ರಲ್ಲಿ, ಇನ್ನೂ 28ರ ಹರೆಯದಲ್ಲಿ, ಉಗಿ ಯಂತ್ರಗಳ ಬಗ್ಗೆ ಒಂದು ಸಣ್ಣ ಪುಸ್ತಕ ಪ್ರಕಟಿಸಿದ. ಆಗ ಅದನ್ನು ಓದಿದವರು ತೀರ ಕಡಿಮೆ. ಎಂಟು ವರ್ಷಗಳ ನಂತರ ಕಾಲರಾ ತಗುಲಿ 36ರಲ್ಲೇ ತೀರಿಕೊಂಡ. ಅವನ ವಿಚಾರವನ್ನು ಮುಂದುವರಿಸಿದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು, 1852ರಲ್ಲಿ ಕಟ್ಟಡಗಳನ್ನು ಬಿಸಿ ಮಾಡಲೂ ತಂಪು ಮಾಡಲೂ ಇಂಥ ಯಂತ್ರ ಬಳಸಬಹುದೆಂದು ತೋರಿಸಿಕೊಟ್ಟ. ಕಾರ್ನೋನ ತತ್ತ್ವದಿಂದ ಹೊರಡುವ ಸೂತ್ರ ಹೀಗಿದೆ: ಮನೆಗೆ ಕೊಡುವ ನೀರಿನ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಬರೆದು, ಅದನ್ನು ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರದಿಂದ ಭಾಗಿಸಬೇಕು. ಬರುವ ಉತ್ತರವೇ ಒಂದು ಯೂನಿಟ್ ವಿದ್ಯುತ್ತಿಗೆ ಸಿಗಬಹುದಾದ ಗರಿಷ್ಠ ಶಾಖ.

ಹೊರಗೆ ಸೊನ್ನೆ ಡಿಗ್ರಿ ಎಂದಿಟ್ಟುಕೊಳ್ಳಿ. ಮನೆಗೆ 35 ಡಿಗ್ರಿಯ ನೀರು ಸಾಕು ಎಂದಾದರೆ 308 ಭಾಗಿಸು 35, ಅಂದರೆ 8.8. ಮನೆಗೆ 65 ಡಿಗ್ರಿಯ ನೀರೇ ಬೇಕು ಎಂದು ಹಟ ಹಿಡಿದರೆ 338 ಭಾಗಿಸು 65, ಅಂದರೆ 5.2. ನಿಜವಾದ ಯಂತ್ರಗಳಲ್ಲಿ ಘರ್ಷಣೆ, ಸೋರಿಕೆ ಎಲ್ಲ ಕಳೆದು ಇದರ ಅರ್ಧದಷ್ಟೋ ಅದಕ್ಕಿಂತ ತುಸು ಕಡಿಮೆಯೋ ಸಿಗುತ್ತದೆ. ಮೊದಲನೆಯದರಲ್ಲಿ 4ರ ಸುತ್ತಮುತ್ತ, ಎರಡನೆಯದರಲ್ಲಿ 2.5ರ ಆಸುಪಾಸು ಎಂದು ಹಿಡಿಯಬಹುದು. ಪೆಟ್ಟಿಗೆ ಬದಲಾಗಿಲ್ಲ, ಹೊರಗಿನ ಚಳಿ ಬದಲಾಗಿಲ್ಲ. ಬದಲಾದದ್ದು ಮನೆಯವರು ಕೇಳಿದ ಬಿಸಿ.

ಇದರ ಪರಿಣಾಮ ಕಿಸೆಯ ಮೇಲೆ ಎಷ್ಟೆಂದು ನೋಡೋಣ. ಒಂದು ಮನೆಗೆ ವರ್ಷಕ್ಕೆ 12,000 ಯೂನಿಟ್ ಶಾಖ ಬೇಕು ಎಂದು ಭಾವಿಸಿ. ಬ್ರಿಟನ್ನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಕೊಳವೆಯಲ್ಲಿ ಬರುವ ಒಂದು ಯೂನಿಟ್ ಅನಿಲದ ಬೆಲೆಯ ಸುಮಾರು ನಾಲ್ಕು ಪಟ್ಟು ಇದೆ. ಲೆಕ್ಕ ಸುಲಭವಾಗಲೆಂದು ಅನಿಲಕ್ಕೆ ಒಂದು ರೂಪಾಯಿ, ವಿದ್ಯುತ್ತಿಗೆ ನಾಲ್ಕು ರೂಪಾಯಿ ಎನ್ನೋಣ. ಅನಿಲದ ಬಾಯ್ಲರ್ ನೂರಕ್ಕೆ ತೊಂಬತ್ತರಷ್ಟು ದಕ್ಷವಾಗಿದ್ದರೆ ವರ್ಷದ ಖರ್ಚು ಸುಮಾರು 13,300 ರೂಪಾಯಿ. ನಾಲ್ಕರ ಹೀಟ್ ಪಂಪಿಗೆ 3,000 ಯೂನಿಟ್ ವಿದ್ಯುತ್ ಸಾಕು, ಖರ್ಚು 12,000 ರೂಪಾಯಿ. ಎರಡೂವರೆಯ ಹೀಟ್ ಪಂಪಿಗೆ 4,800 ಯೂನಿಟ್ ಬೇಕು, ಖರ್ಚು 19,200. ಒಬ್ಬನಿಗೆ ಉಳಿತಾಯ, ಪಕ್ಕದ ಮನೆಯವನಿಗೆ ನಷ್ಟ. ಬರೀ ಕಾಯಿಲ್ ಹೀಟರಿನಲ್ಲೇ ಚಳಿ ಕಾಯಿಸುತ್ತೇನೆಂದು ಹೊರಟವನಿಗಂತೂ 48,000! 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಸಾರಿದ ಬಳಿಕ ಯುರೋಪಿನಲ್ಲಿ ಅನಿಲದ ಬೆಲೆ ಗಗನಕ್ಕೇರಿದಾಗ ಜನ ಹೀಟ್ ಪಂಪಿಗೆ ಮುಗಿಬಿದ್ದರು. 2023ರಲ್ಲಿ ಜರ್ಮನಿಯಲ್ಲಿ ಮನೆ ಬಿಸಿ ಮಾಡುವ ಕಾನೂನಿನ ಬಗ್ಗೆ ಸರ್ಕಾರವೇ ಅಲುಗಾಡುವಷ್ಟು ವಾಗ್ವಾದ ನಡೆಯಿತು. ಹಳೆಯ ಮನೆಗೆ ಈ ಯಂತ್ರ ಒಗ್ಗುತ್ತದೆಯೋ ಇಲ್ಲವೋ ಎಂಬುದೇ ಆ ಜಗಳದ ಒಂದು ಮುಖ್ಯ ಎಳೆಯಾಗಿತ್ತು.

ಜರ್ಮನಿಯ ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆಯವರು ಇದಕ್ಕೆ ವಾದ ಹೂಡದೆ ಅಳತೆ ಮಾಡಿದರು. ಜನ ವಾಸವಿದ್ದ ಹಳೆಯ ಮನೆಗಳಲ್ಲೇ ಮೀಟರ್ ಕೂರಿಸಿ ಲೆಕ್ಕ ಇಟ್ಟರು. 2020ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಗಾಳಿಯಿಂದ ಶಾಖ ಪಡೆಯುವ ಯಂತ್ರಗಳು ಸರಾಸರಿ 3.1 ಕೊಟ್ಟವು. ಆದರೆ ಅವುಗಳಲ್ಲೇ ಒಂದು ಮನೆಯಲ್ಲಿ 2.5, ಮತ್ತೊಂದರಲ್ಲಿ 3.8. ನೆಲದಾಳದಿಂದ ಶಾಖ ಪಡೆಯುವ ಯಂತ್ರಗಳ ಸರಾಸರಿ 4.1. ಬ್ರಿಟನ್ನಿನಲ್ಲಿ 2010ರಲ್ಲಿ 83 ಕಡೆ ಇಂಥದೇ ಪರೀಕ್ಷೆ ನಡೆದಿತ್ತು. ಅಲ್ಲಿ ಬಹಳಷ್ಟು ಯಂತ್ರಗಳು ನಿರೀಕ್ಷೆಯನ್ನು ಮುಟ್ಟಲಿಲ್ಲ. ತಪ್ಪು ಯಂತ್ರದ್ದಕ್ಕಿಂತ ಅದನ್ನು ಕೂರಿಸಿದ ರೀತಿಯದು, ಬಳಸಿದ ರೀತಿಯದು ಎಂಬುದು ಆಗ ಕಂಡುಬಂತು.

ಹಾಗಾದರೆ 35 ಡಿಗ್ರಿಯ ನೀರಿನಿಂದ ಮನೆ ಬೆಚ್ಚಗಾದೀತೇ? ಅದು ಮೈ ಬಿಸಿಗಿಂತಲೂ ಕಡಿಮೆ. ನಮ್ಮವರು ಸ್ನಾನಕ್ಕೆ ಕೊಟ್ಟರೆ 'ಇದೇನು ತಣ್ಣೀರು' ಎಂದು ಗೊಣಗುವ ನೀರು. ಯುರೋಪಿನ ಹಳೆಯ ಮನೆಗಳಲ್ಲಿ ಕಿಟಕಿಯ ಕೆಳಗೆ ಎರಕದ ಕಬ್ಬಿಣದ ಅಥವಾ ತಗಡಿನ ರೇಡಿಯೇಟರುಗಳಿರುತ್ತವೆ. ಅವುಗಳ ಮೈ ಚಿಕ್ಕದು. ಚಿಕ್ಕ ಮೈಯಿಂದ ಇಡೀ ಕೋಣೆಗೆ ಸಾಕಾಗುವಷ್ಟು ಶಾಖ ಹೊಮ್ಮಬೇಕಾದರೆ ಅದು ಕೈ ಸುಡುವಷ್ಟು, ಅಂದರೆ 60-70 ಡಿಗ್ರಿ ಬಿಸಿಯಾಗಿರಬೇಕಾಗುತ್ತದೆ. ಕಲ್ಲಿದ್ದಲು, ಅನಿಲ ಉರಿಸುವ ಬಾಯ್ಲರಿಗೆ ಅದೇನೂ ಕಷ್ಟವಲ್ಲ. ಹೀಟ್ ಪಂಪಿಗೆ ಮಾತ್ರ ಅದು ಆಳದ ಬಾವಿ. ಹಾಗಿರುವಾಗ ಉಷ್ಣತೆ ಕಡಿಮೆ ಮಾಡಿ ಮೈಯನ್ನು ದೊಡ್ಡದು ಮಾಡಿದರೆ? ಕೋಣೆಯಲ್ಲಿ ಸಿಗುವ ಅತಿ ದೊಡ್ಡ ಮೈ ನೆಲವೇ.

ನೆಲ ಬಿಸಿ ಮಾಡುವ ಬುದ್ಧಿ ಹೊಸತಲ್ಲ. ರೋಮನ್ನರು ಸ್ನಾನಗೃಹಗಳ ನೆಲವನ್ನು ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಕೆಳಗಿನ ಪೊಳ್ಳಿನಲ್ಲಿ ಬೆಂಕಿಯ ಬಿಸಿಗಾಳಿಯನ್ನು ಹಾಯಿಸುತ್ತಿದ್ದರು. ಇಂಗ್ಲೆಂಡಿನ ಬಾತ್ ನಗರದಲ್ಲಿ ಆ ಕಂಬಗಳ ಸಾಲನ್ನು ಇವತ್ತಿಗೂ ನೋಡಬಹುದು. ಕೊರಿಯಾದವರು ಒಲೆಯ ಹೊಗೆಯನ್ನು ಚಪ್ಪಡಿ ಕಲ್ಲಿನ ನೆಲದಡಿ ಸುತ್ತಿಸಿ ಆಮೇಲೆ ಹೊಗೆಗೂಡಿಗೆ ಬಿಡುತ್ತಿದ್ದರು. ಆ ಪದ್ಧತಿಗೆ ಒಂಡೋಲ್ ಎಂದು ಹೆಸರು. ಒಲೆಗೆ ಹತ್ತಿರವಿರುವ ಭಾಗ ಹೆಚ್ಚು ಬೆಚ್ಚಗಿರುವುದರಿಂದ ಅಲ್ಲಿ ಕೂರುವ ಗೌರವ ಮನೆಯ ಹಿರಿಯರಿಗೆ, ಬಂದ ಅತಿಥಿಗಳಿಗೆ. ಅಮೆರಿಕದ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1914ರ ಚಳಿಗಾಲದಲ್ಲಿ ಟೋಕಿಯೋದ ಒಬ್ಬ ಶ್ರೀಮಂತರ ಮನೆಗೆ ಊಟಕ್ಕೆ ಹೋದಾಗ ಊಟದ ಕೋಣೆಯಲ್ಲಿ ನಡುಗಿ, ಆಮೇಲೆ ಅದೇ ಮನೆಯಲ್ಲಿದ್ದ ಕೊರಿಯಾ ಮಾದರಿಯ ಕೋಣೆಗೆ ಕಾಲಿಟ್ಟು ಬೆರಗಾದನಂತೆ. 1937ರಲ್ಲಿ ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಒಂದು ಸಾಧಾರಣ ಕುಟುಂಬಕ್ಕೆ ಕಟ್ಟಿಕೊಟ್ಟ ಮನೆಯ ಕಾಂಕ್ರೀಟ್ ನೆಲದಡಿ ಅವನು ಕೊಳವೆಗಳನ್ನು ಹೂಳಿಸಿದ. ಕೊರಿಯಾದ ಈಗಿನ ಬಹುಮಹಡಿ ಮನೆಗಳಲ್ಲಿ ಹೊಗೆಯಿಲ್ಲ, ಕೊಳವೆಯಲ್ಲಿ ಬಿಸಿನೀರು ಹರಿಯುತ್ತದೆ. ಹೆಸರು ಮಾತ್ರ ಹಳೆಯದೇ.

ಈಗಿನ ಯುರೋಪಿಯನ್ ನೆಲದ ರಚನೆ ಹೀಗೆ: ಎಲ್ಲಕ್ಕಿಂತ ಕೆಳಗೆ ಶಾಖ ಭೂಮಿಗೆ ಇಳಿಯದಂತೆ ನಿರೋಧಕ ಹಲಗೆ. ಅದರ ಮೇಲೆ ಹೆಬ್ಬೆರಳಿಗಿಂತ ಸಪೂರವಾದ ಗಟ್ಟಿ ಪ್ಲಾಸ್ಟಿಕ್ ಕೊಳವೆಯನ್ನು ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ಅಂತರದಲ್ಲಿ ಜಿಲೇಬಿ ಸುತ್ತಿದಂತೆ ಹಾಸುತ್ತಾರೆ. ಅದು ಮುಚ್ಚುವಷ್ಟು ಸಿಮೆಂಟಿನ ಗಾರೆ, ಮೇಲೆ ಟೈಲ್ಸು. ಕೊಳವೆಯಲ್ಲಿ 30ರಿಂದ 40 ಡಿಗ್ರಿಯ ನೀರು ಹರಿದರೆ ನೆಲದ ಮೈ 24-25 ಡಿಗ್ರಿಗೆ ಬರುತ್ತದೆ. ಜನ ಓಡಾಡುವ ಜಾಗದಲ್ಲಿ ಅದು 29 ಡಿಗ್ರಿ ದಾಟಬಾರದೆಂದು ಅಲ್ಲಿನ ಮಾನಕವೇ ಹೇಳುತ್ತದೆ, ಅಂಗಾಲಿಗೆ ಹಿತವಿರಬೇಕಲ್ಲ. ಕೋಣೆ 20 ಡಿಗ್ರಿ, ನೆಲ 25 ಡಿಗ್ರಿ ಇದ್ದರೆ ಪ್ರತಿ ಚದರ ಮೀಟರಿನಿಂದ ಸುಮಾರು 50 ವಾಟ್ ಶಾಖ ಮೇಲೇಳುತ್ತದೆ. ನೂರು ಚದರ ಮೀಟರಿನ ಮನೆಗೆ 5,000 ವಾಟ್ ಆಯಿತು. ಗೋಡೆ, ಕಿಟಕಿ, ಮಾಡು ಚೆನ್ನಾಗಿ ಮುಚ್ಚಿಕೊಂಡ ಮನೆಗೆ ಕಡುಚಳಿಯ ದಿನವೂ ಇಷ್ಟು ಸಾಕು.

ಈ ನೆಲಕ್ಕೆ ಇನ್ನೊಂದು ಸ್ವಾರಸ್ಯವಿದೆ. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿದ್ದು ಕೋಣೆ 23 ಡಿಗ್ರಿಗೆ ಏರಿತು ಎನ್ನಿ. ನೆಲ 24ರಲ್ಲೇ ಇದ್ದರೆ, ಮೊದಲು ನಾಲ್ಕು ಡಿಗ್ರಿ ಇದ್ದ ಅಂತರ ಈಗ ಒಂದೇ ಡಿಗ್ರಿ. ನೆಲ ಕೊಡುವ ಶಾಖ ತಾನಾಗಿಯೇ ಕಾಲು ಭಾಗಕ್ಕೆ ಇಳಿಯುತ್ತದೆ. ಯಾರೂ ಗುಂಡಿ ಒತ್ತಬೇಕಾಗಿಲ್ಲ. 70 ಡಿಗ್ರಿಯ ರೇಡಿಯೇಟರಿಗೆ ಈ ವಿವೇಕವಿಲ್ಲ. ಕೋಣೆ 20 ಇದ್ದರೂ 23 ಇದ್ದರೂ ಅದು ಹೆಚ್ಚುಕಡಿಮೆ ಒಂದೇ ಸಮನೆ ಶಾಖ ಸುರಿಯುತ್ತಿರುತ್ತದೆ.

ದೋಷಗಳೂ ಇಲ್ಲದಿಲ್ಲ. ಗಾರೆಯ ನೆಲ ಬಿಸಿಯಾಗಲು ಗಂಟೆಗಟ್ಟಲೆ ಬೇಕು, ಆರಲೂ ಅಷ್ಟೇ ಹೊತ್ತು ಬೇಕು. ಬಾಯ್ಲರಿನ ಅಭ್ಯಾಸದಲ್ಲಿ ಬೆಳೆದವರು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಯಂತ್ರ ಆರಿಸಿ, ಸಂಜೆ ಬಂದು ಜೋರಾಗಿ ಹಾಕುತ್ತಾರೆ. ತಣ್ಣಗಾದ ನೆಲವನ್ನು ಬೇಗ ಬಿಸಿ ಮಾಡಲು ಯಂತ್ರ ನೀರಿನ ಉಷ್ಣತೆಯನ್ನು ಏರಿಸಲೇಬೇಕಾಗುತ್ತದೆ. ಉಳಿಸಲು ಹೊರಟು ಕಳೆದುಕೊಳ್ಳುವುದೆಂದರೆ ಇದೇ. ಹೀಟ್ ಪಂಪಿಗೆ ಎತ್ತಿನ ಗಾಡಿಯ ನಡಿಗೆಯೇ ಲೇಸು: ಕಡಿಮೆ ಬಿಸಿ, ಬಹಳ ಹೊತ್ತು, ಒಂದೇ ಸಮ. ಹೊರಗೆ ಚಳಿ ಕಡಿಮೆಯಾದ ದಿನ ನೀರಿನ ಉಷ್ಣತೆಯನ್ನೂ ತಾನೇ ಇಳಿಸಿಕೊಳ್ಳುವ ಏರ್ಪಾಡು ಈಗಿನ ಯಂತ್ರಗಳಲ್ಲಿದೆ. ಕೂರಿಸುವವನು ಅದನ್ನು ಸರಿಯಾಗಿ ಹೊಂದಿಸಿ ಹೋಗಬೇಕಷ್ಟೆ. ನೀರಿನ ಉಷ್ಣತೆ ಒಂದು ಡಿಗ್ರಿ ಇಳಿದರೆ ವಿದ್ಯುತ್ ಖರ್ಚು ನೂರಕ್ಕೆ ಸುಮಾರು ಎರಡರಷ್ಟು ಇಳಿಯುತ್ತದೆ. ಟೈಲ್ಸಿನ ಮೇಲೆ ದಪ್ಪನೆಯ ರತ್ನಗಂಬಳಿ ಹಾಸಿ, ಮನೆ ಬಿಸಿಯಾಗುತ್ತಿಲ್ಲವೆಂದು ದೂರುವವರಿಗೆ ಏನು ಹೇಳುವುದು? ನೆಲಕ್ಕೆ ಕಂಬಳಿ ಹೊದಿಸಿದರೆ ಶಾಖ ಕೆಳಗೇ ಉಳಿಯುತ್ತದೆ.

ಮನೆ ಸೋರುತ್ತಿದ್ದರೆ ಇದಾವುದೂ ಪ್ರಯೋಜನವಿಲ್ಲ. ಒಂಟಿ ಗಾಜಿನ ಕಿಟಕಿ, ಬರಿಯ ಇಟ್ಟಿಗೆಯ ಗೋಡೆಯ ಹಳೆಯ ಮನೆಗೆ 5,000 ವಾಟಿನ ಬದಲು 12,000 ವಾಟ್ ಬೇಕಾದೀತು. ಅಷ್ಟು ಕೊಡಲು ನೆಲ 29 ಡಿಗ್ರಿಯ ಮಿತಿಯನ್ನೂ ದಾಟಬೇಕಾಗುತ್ತದೆ. ಆದ್ದರಿಂದ ಹಳೆಯ ಮನೆಯಲ್ಲಿ ಮೊದಲ ಖರ್ಚು ಯಂತ್ರಕ್ಕಲ್ಲ, ಗೋಡೆಗೆ ಮತ್ತು ಮಾಡಿಗೆ. ನೆಲ ಅಗೆಯಲು ಆಗದವರು ರೇಡಿಯೇಟರುಗಳನ್ನೇ ದೊಡ್ಡದು ಮಾಡಿಸಿ 45-50 ಡಿಗ್ರಿಯಲ್ಲಿ ನಡೆಸುವುದೂ ಉಂಟು. ಮೈ ದೊಡ್ಡದಾಗಬೇಕು ಎಂಬ ತತ್ತ್ವ ಅದೇ. ಅಂಗಡಿಯವನು 'ಇರಲಿ, ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ' ಎಂದು ಹೇಳಿದ ಯಂತ್ರ ತಂದರೆ ಅದು ಐದು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಐದು ನಿಮಿಷ ಓಡುತ್ತದೆ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಎಂಬ ಸಂಗೀತ ಸಭಾಂಗಣಕ್ಕೆ 1951ರಲ್ಲಿ ಥೇಮ್ಸ್ ನದಿಯಿಂದ ಶಾಖ ಎತ್ತುವ ಯಂತ್ರ ಇಟ್ಟಿದ್ದರು. ಯುದ್ಧ ವಿಮಾನದ ಮೆರ್ಲಿನ್ ಎಂಜಿನ್ನುಗಳನ್ನು ಮಾರ್ಪಡಿಸಿ ಅದರ ಕಂಪ್ರೆಸರಿಗೆ ಜೋಡಿಸಿದ್ದರು. ಸಭಾಂಗಣಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಶಾಖ ಬಂತು. ಕೊನೆಗೆ ಯಂತ್ರವನ್ನೇ ತೆಗೆದುಹಾಕಿದರು.

ಅದಕ್ಕಿಂತ ಆರು ವರ್ಷ ಹಿಂದೆ, 1945ರಲ್ಲಿ, ಇಂಗ್ಲೆಂಡಿನ ನಾರಿಚ್ ನಗರದಲ್ಲಿ ಸದ್ದಿಲ್ಲದೆ ಒಂದು ಒಳ್ಳೆಯ ಕೆಲಸ ನಡೆದಿತ್ತು. ಜಾನ್ ಸಮ್ನರ್ ಎಂಬಾತ ಅಲ್ಲಿನ ನಗರಸಭೆಯ ವಿದ್ಯುತ್ ಎಂಜಿನಿಯರ್. ಯುದ್ಧಕಾಲ, ಕಲ್ಲಿದ್ದಲಿಗೆ ಬರ, ಹೊಸ ಸಾಮಾನು ಸಿಗುವಂತಿರಲಿಲ್ಲ. ಆತ ಸಿಕ್ಕಿದ ಹಳೆಯ ಬಿಡಿಭಾಗಗಳನ್ನು ಕೂಡಿಸಿ ಪಕ್ಕದ ನದಿಯ ನೀರಿನಿಂದ ಶಾಖ ಎತ್ತಿ ನಗರಸಭೆಯ ಕಚೇರಿಯನ್ನು ಬೆಚ್ಚಗಿಟ್ಟ. ಇಡೀ ಚಳಿಗಾಲದ ಸರಾಸರಿ ಸುಮಾರು 3.4 ಬಂತು. ಮುಕ್ಕಾಲು ಶತಮಾನದ ನಂತರ ಜರ್ಮನಿಯ ಮನೆಗಳಲ್ಲಿ ಅಳೆದ 3.1ನ್ನು ಇದರ ಪಕ್ಕ ಇಟ್ಟು ನೋಡಿದರೆ ಸಮ್ನರನ ಕೈಚಳಕ ಗೊತ್ತಾಗುತ್ತದೆ. ಗಾಳಿಗಿಂತ ನದಿ ಕಡಿಮೆ ತಣ್ಣಗಿರುತ್ತದೆ ಎಂಬ ಅನುಕೂಲ ಅವನಿಗಿತ್ತು ಎಂಬುದನ್ನೂ ಮರೆಯಬಾರದು. ಕಲ್ಲಿದ್ದಲು ಇಲ್ಲದ ಸ್ವಿಟ್ಜರ್ಲೆಂಡಿನಲ್ಲಿ ಜ್ಯೂರಿಕ್ ನಗರದ ಪುರಭವನಕ್ಕೆ ಲಿಮ್ಮಾಟ್ ನದಿಯಿಂದ ಶಾಖ ಕೊಟ್ಟ ಯಂತ್ರವಂತೂ 1938ರಿಂದ 2001ರವರೆಗೆ ದುಡಿಯಿತು. ಯುದ್ಧ ಮುಗಿದು ಕಲ್ಲಿದ್ದಲು, ಎಣ್ಣೆ ಮತ್ತೆ ಅಗ್ಗವಾದ ಮೇಲೆ ಬಹಳ ಕಡೆ ಈ ವಿದ್ಯೆ ಮೂಲೆ ಸೇರಿತು. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಮತ್ತೆ ಅದರ ನೆನಪಾಯಿತು.

ಸ್ವೀಡನ್ನಿನವರು ಆ ಪಾಠವನ್ನು ಮರೆಯಲಿಲ್ಲ. ಅಲ್ಲಿ ಎಷ್ಟೋ ಮನೆಯವರು ಹಿತ್ತಲಲ್ಲಿ ನೂರು, ನೂರೈವತ್ತು ಮೀಟರ್ ಆಳದ ಕೊಳವೆ ಬಾವಿ ಕೊರೆಸುತ್ತಾರೆ. ನೀರಿಗಾಗಿ ಅಲ್ಲ. ಅದರೊಳಗೆ ಉದ್ದನೆಯ ಕೊಳವೆ ಇಳಿಬಿಟ್ಟು, ಹೆಪ್ಪುಗಟ್ಟದ ದ್ರವವನ್ನು ಸುತ್ತಿಸಿ ಬಂಡೆಯ ಶಾಖವನ್ನು ಮೇಲೆ ತರುತ್ತಾರೆ. ಮೇಲೆ ಹಿಮ ಬಿದ್ದರೂ ಬಂಡೆಯ ಉಷ್ಣತೆ ವರ್ಷವಿಡೀ ಹೆಚ್ಚು ಕದಲುವುದಿಲ್ಲ. ಬಾವಿಯ ನೀರು ಬೇಸಿಗೆಯಲ್ಲೂ ಇಳಿಯದಿದ್ದಂತೆ. ನಾರ್ವೆಯಲ್ಲಿ ನೂರು ಮನೆಗೆ ಅರವತ್ತಕ್ಕೂ ಹೆಚ್ಚು ಹೀಟ್ ಪಂಪುಗಳಿವೆ. ಅವುಗಳಲ್ಲಿ ಬಹುಪಾಲು ನಮ್ಮ ಏಸಿಯ ಹಾಗೆ ನೇರವಾಗಿ ಕೋಣೆಗೆ ಬಿಸಿಗಾಳಿ ಊದುವಂಥವು. ಚಳಿ ದೇಶಕ್ಕೆ ಈ ಯಂತ್ರ ಆಗದು ಎನ್ನುವವರಿಗೆ ಆ ಎರಡು ದೇಶಗಳನ್ನು ತೋರಿಸಿದರೆ ಸಾಕು.

ನಮ್ಮ ರಾಜ್ಯದಲ್ಲಿ ನೆಲ ಬಿಸಿ ಮಾಡಬೇಕಾದ ಮನೆ ಎಲ್ಲಿದೆ? ಮಡಿಕೇರಿಯ ಡಿಸೆಂಬರಿಗೂ ಒಂದು ಕಂಬಳಿ ಸಾಕಾಗುತ್ತದೆ. ಆದರೆ ಹೀಟ್ ಪಂಪ್ ಇಲ್ಲಿಗೂ ಬಂದಿದೆ, ಬೇರೆ ವೇಷದಲ್ಲಿ. ಹೋಟೆಲುಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ, ಆಸ್ಪತ್ರೆಗಳಲ್ಲಿ ಸ್ನಾನದ ನೀರು ಕಾಯಿಸಲು ಅದನ್ನು ಬಳಸುತ್ತಾರೆ. ಮಳೆಗಾಲದಲ್ಲಿ ಸೌರ ಹೀಟರ್ ಕೈಕೊಟ್ಟಾಗಲೂ ಅದು ಕೆಲಸ ಮಾಡುತ್ತದೆ. ಮಕ್ಕಳು ಬೇಕಾದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು: ಬೆಂಗಳೂರಿನ ಒಂದು ಚಳಿಯ ಬೆಳಗಿನ ಗಾಳಿ 20 ಡಿಗ್ರಿ, ತೊಟ್ಟಿಯ ನೀರು 55 ಡಿಗ್ರಿ. ನಡುವಿನ ಅಂತರ 35. ಹಿಮ ಸುರಿಯುವ ಸೊನ್ನೆ ಡಿಗ್ರಿಯ ಅಂಗಳದಿಂದ ಜರ್ಮನಿಯ ಮನೆಯ ನೆಲಕ್ಕೆ ಏರಬೇಕಾದ ಎತ್ತರವೂ ಅಷ್ಟೇ. 328 ಭಾಗಿಸು 35, ಅಂದರೆ ಕಾರ್ನೋನ ಲೆಕ್ಕದಲ್ಲಿ 9.4. ಯಂತ್ರದ ಇನ್ನೊಂದು ತುದಿಯಿಂದ ಹೊರಬೀಳುವ ತಣ್ಣನೆಯ ಗಾಳಿಯನ್ನು ಕೊಳವೆ ಕಟ್ಟಿ ಪಕ್ಕದ ಅಡುಗೆಮನೆಗೆ ಬಿಟ್ಟರೆ, ಒಲೆಯ ಮುಂದೆ ಬೆವರುವ ಭಟ್ಟರಿಗೂ ಅದರ ಪಾಲು ಸಿಗುತ್ತದೆ.